ನೀರಿಗೆ ಅರ್ಧ ಅಂಕ

ನಾನು ಜಿಪಿಟಿ. ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕಿ. ಚಾಟ್‌ಜಿಪಿಟಿ ಬಂದ ಮೇಲೆ ಈ ಮಾತು ಹೇಳಿದರೆ ಜನ ನಗುತ್ತಾರೆ. ಬ್ಯಾಂಕಲ್ಲಿ ಒಬ್ಬರು "ಹಾಗಾದ್ರೆ ನಿಮ್ಮನ್ನ ಏನು ಕೇಳಿದ್ರೂ ಉತ್ತರ ಬರುತ್ತೆ ಅನ್ನಿ" ಅಂದರು. ಬರುತ್ತೆ. ಸರಿಯಾಗಿರುತ್ತಾ ಅನ್ನೋದು ಬೇರೆ ಮಾತು.

ಪಾವಗಡ ಕಡೆಯ ಒಂದು ಹಳ್ಳಿಯಲ್ಲಿ ಆರು, ಏಳನೇ ತರಗತಿಗೆ ಗಣಿತ ಮತ್ತು ವಿಜ್ಞಾನ ಮಾಡುತ್ತೇನೆ. ದಸರಾ ರಜೆಗೆ ಮುಂಚೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಇತ್ತು. ಜೂನ್‌ನಿಂದ ಇಲ್ಲಿ ತನಕ ಮಕ್ಕಳು ಏನು ಕಲಿತರು ಅಂತ ಅರ್ಧ ಪುಟ ಬರೆದುಕೊಡಿ ಅಂದರು ಹೆಡ್ ಮೇಷ್ಟ್ರು. ಬರೆದೆ. ಪೂರ್ಣಾಂಕ, ಭಿನ್ನರಾಶಿ, ದಶಮಾಂಶ. ಸಸ್ಯಗಳ ಪೋಷಣೆ, ಶಾಖ, ಆಮ್ಲ ಮತ್ತು ಪ್ರತ್ಯಾಮ್ಲ. ಎಲ್ಲಾ ಮುಗಿದಿದೆ, ಸಹಿ, ದಿನಾಂಕ.

ದಶಮಾಂಶದ ಬಗ್ಗೆ ಎರಡು ಮಾತು ಹೇಳಲೇಬೇಕು, ಅದು ಚೆನ್ನಾಗಿ ಬಂತು. ಬಿಸಿಯೂಟದ ಲೆಕ್ಕದ ಪುಸ್ತಕವನ್ನೇ ತರಗತಿಗೆ ತಂದಿದ್ದೆ. ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯಲ್ಲಿ ಕೊಡುವ ಹಾಲಿಗೆ ಒಂದು ಮಗುವಿಗೆ 18 ಗ್ರಾಂ ಪುಡಿ, ಅದರಿಂದ 150 ಮಿಲಿ ಹಾಲು. ಶಾಲೆಯಲ್ಲಿ 142 ಮಕ್ಕಳು. ಎರಡೂವರೆ ಕಿಲೋ ಪುಡಿ ಸಾಕಾ, ಸಾಲಲ್ವಾ? 2.556 ಕಿಲೋ ಬೇಕು. ಆ 56 ಗ್ರಾಂ ಅಂದರೆ ಮೂರು ಮಕ್ಕಳ ಹಾಲು ಅಂತ ಗೊತ್ತಾದ ಮೇಲೆ ಚುಕ್ಕಿಯ ಬಲಗಡೆಯ ಅಂಕಿಗಳನ್ನು ಯಾರೂ ಸುಮ್ನೆ ಬಿಡಲಿಲ್ಲ. ಅಕ್ಕಿಯ ಲೆಕ್ಕ ಇನ್ನೂ ಮಜ. ಐದನೇ ತರಗತಿ ತನಕ ತಲೆಗೆ 100 ಗ್ರಾಂ, ಆರು ಏಳಕ್ಕೆ 150. "ಜೂನ್ ಒಂದಕ್ಕೆ ಹೊಟ್ಟೆ ದೊಡ್ಡದಾಗುತ್ತಾ ಮಿಸ್?" ಅಂತ ಕೇಳಿದಳು ಒಬ್ಬಳು.

ಆದರೆ ನಾನು ಹೇಳಬೇಕಾಗಿರುವುದು ಆಮ್ಲ, ಪ್ರತ್ಯಾಮ್ಲದ ಪಾಠದ ಕಥೆ.

ಮೊದಲ ದಿನವೇ ಎಡವಟ್ಟು. ವಿಜ್ಞಾನದ ಕಿಟ್‌ನಲ್ಲಿದ್ದ, ಆಮ್ಲ ಯಾವುದು ಪ್ರತ್ಯಾಮ್ಲ ಯಾವುದು ಅಂತ ಬಣ್ಣದಿಂದ ತೋರಿಸುವ ಲಿಟ್ಮಸ್ ಕಾಗದ ಮಳೆಗಾಲದ ತೇವಕ್ಕೆ ಕೆಟ್ಟಿತ್ತು. ನೀಲಿ ಯಾವುದು, ಕೆಂಪು ಯಾವುದು ಗೊತ್ತಾಗದ ಹಾಗೆ ಎರಡೂ ಬೂದಿ ಬಣ್ಣ. ನಿಂಬೆರಸಕ್ಕೆ ಅದ್ದಿದರೂ ಬೂದಿ, ಸೋಪಿನ ನೀರಿಗೆ ಅದ್ದಿದರೂ ಬೂದಿ. ನಾನು ಬೋರ್ಡ್ ಮೇಲೆ "ನೀಲಿ ಲಿಟ್ಮಸ್ ಕೆಂಪಾಗುತ್ತದೆ" ಅಂತ ಬರೆದು ಕಣ್ಣು ತಪ್ಪಿಸಿದೆ. ಆಮೇಲೆ ಅರಿಶಿನ ತಂದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಏನಾಗುತ್ತೆ ಅಂತ ಕೇಳಿದ್ದೇ ತಡ, ಹಿಂದಿನ ಬೆಂಚಿನ ಹುಡುಗಿ "ಆರತಿ ನೀರು!" ಅಂತ ಕೂಗಿದಳು. ಇಡೀ ತರಗತಿಗೆ ಗೊತ್ತಿತ್ತು. ಹೊಸ ಮದುಮಕ್ಕಳು ಬಾಗಿಲಿಗೆ ಬಂದಾಗ ತಟ್ಟೆಯಲ್ಲಿ ಕೆಂಪಗೆ ಇರುತ್ತಲ್ಲ, ಅದೇ. ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಬಟ್ಟೆ ಕೆಂಪಾಗುತ್ತೆ ಅಂತ ಇನ್ನೊಬ್ಬಳು. ಪ್ರತ್ಯಾಮ್ಲ ಅನ್ನೋ ಪದ ಒಂದೇ ಅವರಿಗೆ ಹೊಸದು.

ಅರಿಶಿನಕ್ಕೆ ಒಂದು ತೊಂದರೆ ಇದೆ. ಪ್ರತ್ಯಾಮ್ಲ ಸಿಕ್ಕರೆ ಕೆಂಪಾಗುತ್ತೆ. ಹುಳಿ ಹಾಕಿದರೂ ಹಳದಿ, ನೀರು ಹಾಕಿದರೂ ಹಳದಿ. "ಹಾಗಾದ್ರೆ ನೀರೂ ಹುಳೀನಾ ಮಿಸ್?" ಅಂದ ಒಬ್ಬ ಹುಡುಗ. ಇವನ ಹೆಸರು ಬೇಡ. ಏಳನೇ ತರಗತಿ, ಅಪ್ಪ ಬೋರ್‌ವೆಲ್ ಲಾರಿಯಲ್ಲಿ ಕೆಲಸ, ಮಾತು ಕಡಿಮೆ. ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೇ ದಾಸವಾಳ ಬೇಕು ಅಂದೆ. ದಾಸವಾಳದ ರಸ ಆಮ್ಲಕ್ಕೆ ಗಾಢ ಗುಲಾಬಿ ಆಗುತ್ತೆ, ಪ್ರತ್ಯಾಮ್ಲಕ್ಕೆ ಹಸಿರು.

ಮಾರನೇ ದಿನ ಮಕ್ಕಳು ಚೀಲದ ತುಂಬ ಕೆಂಪು ದಾಸವಾಳ ತಂದರು. ಅಡುಗೆಮನೆಯಲ್ಲಿ ಬಿಸಿನೀರು ತೆಗೆದುಕೊಂಡು ಎಸಳುಗಳನ್ನು ನೆನೆಸಿದೆವು. ರಸ ಒಳ್ಳೆಯ ಕೆಂಪು-ನೇರಳೆ ಬರಬೇಕು. ಬರಲಿಲ್ಲ. ಹಳೇ ಶಾಯಿ ಥರ ಮಂಕು ನೀಲಿ ಬಂತು. ಹೂವು ಬಾಡಿರಬೇಕು ಅಂದುಕೊಂಡು ಚೆಲ್ಲಿದೆ. ಇನ್ನೊಂದು ಸಲ ಮಾಡಿದರೂ ಅದೇ. ಕೊನೆಗೆ ಅಡುಗೆಯವರೇ "ಬೋರ್ ನೀರಲ್ಲಿ ಬೇಳೇನೇ ಬೇಯಲ್ಲ, ಹೂವು ಏನು ಬಣ್ಣ ಬಿಡುತ್ತೆ? ಫಿಲ್ಟರ್ ನೀರು ತನ್ನಿ" ಅಂದರು. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತರಿಸಿದೆ. ರಸ ಚೆನ್ನಾಗಿ ಬಂತು. ಆಗಲೇ ನನಗೆ ಹೊಳೆಯಬೇಕಿತ್ತು, ಅಲ್ವಾ? ಹೊಳೆಯಲಿಲ್ಲ. ಕೆಲಸ ಆಯ್ತಲ್ಲ ಅಂತ ಮುಂದಕ್ಕೆ ಹೋದೆ.

ಮಕ್ಕಳು ಸಾಲಾಗಿ ಲೋಟ ಇಟ್ಟರು. ನಿಂಬೆ, ಹುಣಸೆ, ಮಜ್ಜಿಗೆ, ಅಡುಗೆ ಸೋಡಾ, ಸುಣ್ಣದ ತಿಳಿ, ಸೋಪು, ನಲ್ಲಿ ನೀರು. ಒಂದೊಂದಕ್ಕೂ ಐದು ಹನಿ. ನಿಂಬೆ ಲೋಟ ಗುಲಾಬಿ ಆದಾಗ ಚಪ್ಪಾಳೆ. ಸುಣ್ಣದ ತಿಳಿ ಹಸಿರಾದಾಗ ಇನ್ನೂ ಜಾಸ್ತಿ. ನಲ್ಲಿ ನೀರಿನ ಹತ್ತಿರ ಬರುವಷ್ಟರಲ್ಲಿ ಗಂಟೆ ಹೊಡೆಯಿತು. "ನೀರು ತಟಸ್ಥ, ಅಂದ್ರೆ ಆಮ್ಲವೂ ಅಲ್ಲ ಪ್ರತ್ಯಾಮ್ಲವೂ ಅಲ್ಲ, ಬರ್ಕೊಳ್ಳಿ" ಅಂದೆ. ಲೋಟದ ಕಡೆ ನೋಡಲೇ ಇಲ್ಲ.

ರೂಪಣಾತ್ಮಕ ಪರೀಕ್ಷೆಯಲ್ಲಿ ಆರು ವಸ್ತು ಕೊಟ್ಟು ಆಮ್ಲ, ಪ್ರತ್ಯಾಮ್ಲ, ತಟಸ್ಥ ಅಂತ ವಿಂಗಡಿಸಿ ಅಂದಿದ್ದೆ. ಒಂದೊಂದಕ್ಕೆ ಅರ್ಧ ಅಂಕ. 23 ಮಕ್ಕಳಲ್ಲಿ ಆ ಹುಡುಗ ಒಬ್ಬ ಮಾತ್ರ ನೀರನ್ನು ಪ್ರತ್ಯಾಮ್ಲದ ಕೆಳಗೆ ಬರೆದಿದ್ದ. ಕೆಂಪು ಪೆನ್ನಿನಿಂದ ದೊಡ್ಡದಾಗಿ ತಪ್ಪು ಹಾಕಿದೆ. ಪಕ್ಕದಲ್ಲಿ "ಗಮನವಿಟ್ಟು ಓದು" ಅಂತಲೂ ಬರೆದೆ.

ಪೇಪರ್ ಕೊಟ್ಟ ದಿನ ಮಧ್ಯಾಹ್ನ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಜಗಳಕ್ಕೆ ಬಂದಿರಲಿಲ್ಲ. ಪ್ರಯೋಗದ ದಿನದ ನೋಟ್ ಪುಸ್ತಕ ತೆರೆದು ತೋರಿಸಿದ. ಪ್ರತಿ ಲೋಟದ ಬಣ್ಣವನ್ನು ಸ್ಕೆಚ್ ಪೆನ್ನಲ್ಲಿ ಒಂದು ಚೌಕ ಬಿಡಿಸಿ ತುಂಬಿದ್ದ. ನಲ್ಲಿ ನೀರಿನ ಚೌಕ ನೀಲಿ-ಹಸಿರು. ಕೆಳಗೆ "ಸ್ವಲ್ಪ ಹಸಿರು" ಅಂತ ಬರೆದು, ಅದರ ಕೆಳಗೆ ನಾನು ಹೇಳಿದ "ನೀರು ತಟಸ್ಥ" ಅನ್ನೋದನ್ನೂ ಬರೆದುಕೊಂಡಿದ್ದ. ಎರಡರಲ್ಲಿ ಯಾವುದು ಅಂತ ಬಂದಾಗ ಪರೀಕ್ಷೆಯಲ್ಲಿ ಅವನು ಕಣ್ಣನ್ನು ನಂಬಿದ್ದ. ನಾನು ತಿಂಗಳಿಡೀ "ನೋಡಿ ಬರೀರಿ, ನೋಡಿ ಬರೀರಿ" ಅಂತ ಬಡಕೊಂಡಿದ್ದು ಇದನ್ನೇ.

ಮಾರನೇ ದಿನ ಪಾಠ ನಿಲ್ಲಿಸಿ ಇದೊಂದನ್ನೇ ಮಾಡಿದೆವು. ನಲ್ಲಿಯ ಬೋರ್ ನೀರು, ಘಟಕದ ನೀರು, ಹಿಂದಿನ ರಾತ್ರಿ ಬಿದ್ದ ಮಳೆ ನೀರು. ಜತೆಗೆ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು, ಗ್ಯಾರೇಜಿಂದ ತಂದದ್ದು. "ಭಟ್ಟಿ" ಅಂದ ತಕ್ಷಣ ಹಿಂದಿನ ಬೆಂಚಲ್ಲಿ ನಗು, ಅದಿರಲಿ. ಮಳೆ, ಘಟಕ, ಬ್ಯಾಟರಿ ಮೂರೂ ನೇರಳೆ-ಗುಲಾಬಿಯ ಕಡೆಯೇ ಉಳಿದವು. ಬೋರ್ ನೀರು ಒಂದೇ ಹಸಿರಿನ ಕಡೆ ಹೋಯಿತು. ಶುದ್ಧ ನೀರು ತಟಸ್ಥ ಅನ್ನೋದು ಸರಿಯೇ. ನಮ್ಮ ನಲ್ಲಿಯಲ್ಲಿ ಬರೋದು ಶುದ್ಧ ನೀರಲ್ಲ. ಮಳೆ ನೀರು ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿಸಿಕೊಂಡು ಚೂರು ಆಮ್ಲ ಆಗಿರುತ್ತೆ. ಅದು ನೆಲಕ್ಕೆ ಇಳಿದು ಕಲ್ಲು ಮಣ್ಣಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತು, ಸುಣ್ಣದ ಅಂಶ ಕರಗಿಸಿಕೊಂಡು ಬೈಕಾರ್ಬನೇಟ್ ತುಂಬಿಕೊಳ್ಳುತ್ತೆ. ಮೇಲೆ ಬರುವಾಗ ಸ್ವಲ್ಪ ಪ್ರತ್ಯಾಮ್ಲ.

ಅಡುಗೆಯವರು ನೀರು ಕಾಯಿಸುವ ಹಂಡೆಯ ತಳದಿಂದ ಬಿಳಿ ಪೊರೆ ಕೆರೆದು ಕೊಟ್ಟರು. ಅದರ ಮೇಲೆ ನಿಂಬೆರಸ ಹಿಂಡಿದಾಗ ಬುಸ್ ಅಂತ ಗುಳ್ಳೆ ಬಂತು. ಆ ಹುಡುಗ ಆಗ ಬಾಯಿ ಬಿಟ್ಟ. ಅಪ್ಪ ಕೊರೆಯುವಾಗ ಮೇಲೆ ಬರೋ ಕಲ್ಲಿನ ಪುಡಿ ತರ್ತೀನಿ, ಅದಕ್ಕೂ ಹಿಂಡೋಣ ಅಂದ. ತಂದ. ಅದು ಗ್ರಾನೈಟ್ ಪುಡಿ, ಗುಳ್ಳೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದಕ್ಕೆ ಇನ್ನೊಂದು ಪೀರಿಯಡ್ ಹೋಯಿತು.

ಅವನ ಪೇಪರಿನ ತಪ್ಪು ಗುರುತು ಹೊಡೆದು ಹಾಕಿ ಅರ್ಧ ಅಂಕ ಕೊಟ್ಟೆ. "ಗಮನವಿಟ್ಟು ಓದು" ಅನ್ನೋದನ್ನೂ ಹೊಡೆದು ಹಾಕಿದೆ. ತಕ್ಷಣ ಉಳಿದವರು ಮುತ್ತಿಕೊಂಡರು. "ನಮ್ಮ ಅರ್ಧ ಕಟ್ ಮಾಡ್ತೀರಾ ಮಿಸ್?" ಮಾಡಲಿಲ್ಲ. ಪ್ರಶ್ನೆಯಲ್ಲಿ ಯಾವ ನೀರು ಅಂತ ನಾನೇ ಬರೆದಿರಲಿಲ್ಲ. ನನ್ನ ತಪ್ಪಿಗೆ ಅವರ ಅಂಕ ಯಾಕೆ ಹೋಗಬೇಕು?

ಹೆಡ್ ಮೇಷ್ಟ್ರಿಗೆ ಕೊಟ್ಟ ಅರ್ಧ ಪುಟದಲ್ಲಿ ಇದ್ಯಾವುದೂ ಇರಲಿಲ್ಲ. ಸಭೆಯಲ್ಲಿ ಬಾಯಲ್ಲೇ ಹೇಳಿದೆ. ಒಬ್ಬ ಸದಸ್ಯರು "ಬೋರ್ ನೀರು ಕುಡಿಬಾರ್ದಾ ಹಾಗಾದ್ರೆ?" ಅಂತ ಗಾಬರಿಯಾದರು. ಹಸಿರು ಬಂತು ಅಂತ ಕುಡಿಯಬಾರದು ಅಂತಲ್ಲ, ನಮ್ಮ ಕಡೆ ಹೆದರಬೇಕಾದದ್ದು ಫ್ಲೋರೈಡಿಗೆ, ಅದನ್ನು ದಾಸವಾಳ ತೋರಿಸಲ್ಲ ಅಂತ ಬಿಡಿಸಿ ಹೇಳಬೇಕಾಯಿತು. ಇದನ್ನು ಮಕ್ಕಳಿಗೂ ಹೇಳಿರಲಿಲ್ಲ. ಮಾರನೇ ದಿನ ಹೇಳಿದೆ.

ರಜೆಗೆ ಮನೆಗೆಲಸ ಒಂದೇ ಕೊಟ್ಟಿದ್ದೆ. ಹೋದ ಊರಿಂದ ಒಂದು ಬಾಟಲಿ ನೀರು ತನ್ನಿ, ಮೇಲೆ ಊರ ಹೆಸರು ಅಂಟಿಸಿ. ನಿನ್ನೆ ಶಾಲೆ ಶುರುವಾಯಿತು. ಕಿಟಕಿಯ ಮೇಲೆ ಹನ್ನೊಂದು ಬಾಟಲಿ ಸಾಲಾಗಿ ನಿಂತಿವೆ. ಮಧುಗಿರಿ, ಹಿಂದೂಪುರ, ಚಳ್ಳಕೆರೆ, "ಬೆಂಗಳೂರು ಕಾವೇರಿ ನೀರು". "ಅಜ್ಜಿ ಮನೆ ಬಾವಿ" ಅಂತ ಬರೆದಿರುವುದು ಖಾಲಿ. ಬಸ್ಸಲ್ಲಿ ಬಾಯಾರಿತಂತೆ.