ಪಾಕ ಬಂತಾ?

ಶಿರಸಿ ಕಡೆ ಆಲೆಮನೆ. ಇವತ್ತು ಕೊಪ್ಪರಿಗೆ ಸುತ್ತ ಒಂದೇ ಪ್ರಶ್ನೆ, "ಪಾಕ ಬಂತಾ?" ಜೋನಿಬೆಲ್ಲಕ್ಕಾದ್ರೆ (ಗಟ್ಟಿಯಾಗದ ನೀರುಬೆಲ್ಲ) ಬೇಗ ಇಳಿಸ್ಬೇಕು, ಅಚ್ಚಿಗೆ ಇನ್ನಷ್ಟು ಕಾಯ್ಬೇಕು.

ಈ 'ಪಾಕ' ಪದದ ಮೂಲ ಸಂಸ್ಕೃತದ ಪಚ್ (ಬೇಯಿಸು) ಧಾತು. ಕ್ರಿಯಾಪದಗಳ ಮೂಲರೂಪಗಳ ಪಟ್ಟಿಯಾದ ಧಾತುಪಾಠದಲ್ಲಿ ಅದರ ಪೂರ್ತಿ ವೇಷ 'ಡುಪಚಷ್ ಪಾಕೇ'. ಡು, ಷ್ ಎರಡೂ ಉದುರಿಹೋಗ್ತವೆ. ಸುಮ್ಮನೆ ಬಂದವಲ್ಲ ಮತ್ತೆ! ಡು ಇದ್ದದ್ದಕ್ಕೇ 'ಪಕ್ತ್ರಿಮ' (ಬೇಯಿಸಿ ಆದದ್ದು), ಷ್ ಇದ್ದದ್ದಕ್ಕೇ 'ಪಚಾ' (ಬೇಯಿಸೋದು) ಅನ್ನೋ ಪದಗಳು ಹುಟ್ತವೆ.

ಪಚ್ ಉಭಯಪದಿ, ಅಂದ್ರೆ ಎರಡು ಬಗೆಯ ಪ್ರತ್ಯಯವೂ ಹತ್ತುತ್ತೆ. ಪರರಿಗೆ ಬೇಯಿಸಿದ್ರೆ ಪಚತಿ, ತನಗೇ ಆದ್ರೆ ಪಚತೇ.

ಎಲ್ಲರೂ ಎಡವೋದು ಭವಿಷ್ಯತ್ತಿನಲ್ಲಿ. ಪಠಿಷ್ಯತಿ (ಓದುವನು) ನೋಡ್ಕೊಂಡು 'ಪಚಿಷ್ಯತಿ' ಅಂದುಬಿಡ್ತಾರೆ. ಪಚ್ ಅನಿಟ್ ಧಾತು, ಅಂದ್ರೆ ಧಾತು-ಪ್ರತ್ಯಯದ ನಡುವೆ ಇ ನುಸುಳೋ ಹಾಗಿಲ್ಲ. ಚ್ ಹೋಗಿ ಕ್, ಸ್ಯ ಹೋಗಿ ಷ್ಯ: ಪಕ್ಷ್ಯತಿ.

ಇನ್ನು 'ಬೆಂದದ್ದು' ಅನ್ನೋಕೆ ಭುಕ್ತ (ಉಂಡದ್ದು), ಉಕ್ತದ (ಹೇಳಿದ್ದು) ಹಾಗೆ 'ಪಕ್ತ' ಆಗ್ಬೇಕಿತ್ತು. ವ್ಯಾಕರಣಕಾರ ಪಾಣಿನಿ ಇದೊಂದಕ್ಕೇ 'ಪಚೋ ವಃ' ಅಂತ ಬೇರೆ ಸೂತ್ರ ಇಟ್ಟ. ತ ಜಾಗಕ್ಕೆ ವ ಬಂತು, ಪಕ್ವ ಆಯ್ತು.