ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ 8051 ಜಗಳ

ಸ್ವಾಯತ್ತ ಕಾಲೇಜಿನ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ, ಅಂದರೆ ಸಿಲಬಸ್ ರೂಪಿಸುವ ಸಮಿತಿಯಲ್ಲಿ, ಕೈಗಾರಿಕೆಯಿಂದ ಒಬ್ಬರು ಇರಬೇಕು ಅಂತ ಯುಜಿಸಿ ನಿಯಮ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಆ ಒಬ್ಬ ನಾನು, ಪೀಣ್ಯದಲ್ಲಿ ಮೋಟಾರ್ ಕಂಟ್ರೋಲರ್ ಮಾಡುವವನು.

ಸಿಲಬಸ್ ಕೈಗೆ ಬರುವುದು ಮೀಟಿಂಗಿನ ಹಿಂದಿನ ರಾತ್ರಿ! ಈ ಸಲ ಜಗ್ಗಾಟ 8051 ಬಗ್ಗೆ. ಇಂಟೆಲ್ 1980ರಲ್ಲಿ ತಂದ ಮೈಕ್ರೋಕಂಟ್ರೋಲರ್, ಅಂದರೆ ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಚಿಪ್. ತೆಗೆದೇಬಿಡಿ ಅಂತ ಹಳೆ ವಿದ್ಯಾರ್ಥಿ ಪ್ರತಿನಿಧಿ ಹಟ ಹಿಡಿದರು. ಇರಲಿ ಅಂದೆ ನಾನು. ಸಮಯ ಎಣಿಸುವ ಟೈಮರು, ನಡೆಯುವ ಕೆಲಸ ತಡೆದು ತುರ್ತು ಕೆಲಸಕ್ಕೆ ಕರೆಯುವ ಇಂಟರಪ್ಟು ಎಲ್ಲ ಅದರಲ್ಲಿ ಬಿಚ್ಚಿಟ್ಟ ಹಾಗೆ ಕಾಣುತ್ತವೆ. ಆದರೆ ಅದಕ್ಕೆ ಅರ್ಧ ಲ್ಯಾಬ್ ಸಾಕು. ಉಳಿದರ್ಧದಲ್ಲಿ ಈಗಿನ ಆರ್ಮ್ ಚಿಪ್ಪಿನ ಬೋರ್ಡು, ವಿದ್ಯುತ್ ಸಂಕೇತದ ಅಲೆ ತೋರಿಸುವ ಆಸಿಲೋಸ್ಕೋಪು ಕೊಡಿ. ಕೆಲಸ ಕೇಳಿಕೊಂಡು ಬರುವ ಎಷ್ಟೋ ಹುಡುಗರಿಗೆ ಆಸಿಲೋಸ್ಕೋಪಿನಿಂದ ಸರ್ಕ್ಯೂಟಿಗೆ ತಾಗಿಸುವ ಪ್ರೋಬಿನ ಗ್ರೌಂಡ್ ಕ್ಲಿಪ್ ಎಲ್ಲಿ ಹಾಕಬೇಕು ಅನ್ನೋದೇ ಗೊತ್ತಿರುವುದಿಲ್ಲ.

"ಕ್ರೆಡಿಟ್ ಎಲ್ಲಿಂದ ತರೋಣ ಸರ್?" ಅಂದರು ಎಚ್‌ಒಡಿ ಮೇಡಂ. ಕ್ರೆಡಿಟ್ ಅಂದರೆ ಒಂದು ವಿಷಯಕ್ಕೆ ಎಷ್ಟು ತೂಕ ಅನ್ನುವ ಲೆಕ್ಕ. ಅದೂ ನ್ಯಾಯವೇ ಅಲ್ವಾ? ಕೊನೆಗೆ ಒಂದು ಐಚ್ಛಿಕ ವಿಷಯ ಕೈಬಿಟ್ಟು ಲ್ಯಾಬ್‌ಗೆ ಒಪ್ಪಿದರು. ಇನ್ನು ಇದರ ಮೇಲಿನ ಸಮಿತಿ ಅಕಾಡೆಮಿಕ್ ಕೌನ್ಸಿಲ್ ಹೂಂ ಅನ್ನಬೇಕು.