ಸ್ಲೀವ್‌ಮೋರ್‌ಗೆ ಹೋಗೋದಾದ್ರೆ ಸಂಜೆ ಹೋಗಿ

ಐರ್ಲೆಂಡ್‌ನ ಪಶ್ಚಿಮ ಕಡಲಲ್ಲಿ, ಮೇಯೊ ಕೌಂಟಿಗೆ ಸೇರಿದ ಅಕಿಲ್ ದ್ವೀಪ. ಅಲ್ಲಿನ ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಸೂರಿಲ್ಲದ ಎಂಬತ್ತು-ನೂರು ಕಲ್ಲಿನ ಮನೆಗಳು ಸಾಲಾಗಿ ನಿಂತಿವೆ. ನಾವು ಮೊದಲ ಸಲ ಹೋದದ್ದು ಮಟಮಟ ಮಧ್ಯಾಹ್ನ. ಇಪ್ಪತ್ತು ನಿಮಿಷ ಫೋಟೊ ಹೊಡೆದು, 'ಇಷ್ಟೇನಾ?' ಅಂದುಕೊಂಡು ಕಾರು ಹತ್ತಿದೆವು. ಮಾರನೇ ದಿನ ಸಂಜೆ ಸುಮ್ನೆ ಇನ್ನೊಮ್ಮೆ ಹೋದಾಗಲೇ ಊರು ಕಣ್ಣಿಗೆ ಬಿದ್ದದ್ದು.

ಇಳಿಬಿಸಿಲಿನಲ್ಲಿ ಮನೆಗಳ ಸುತ್ತಲಿನ ಹುಲ್ಲಿನ ಮೇಲೆ ಉದ್ದುದ್ದ ಏರುಗಳು ನೆರಳು ಚೆಲ್ಲುತ್ತವೆ, ಬಾಚಣಿಗೆ ಎಳೆದ ಹಾಗೆ. ಅವೆಲ್ಲ ಹಳೆಯ ಆಲೂಗಡ್ಡೆ ಮಡಿಗಳು. ಸನಿಕೆಯಲ್ಲಿ ಮಣ್ಣು ಮಗುಚಿ, ಕಡಲಪಾಚಿಯನ್ನೇ ಗೊಬ್ಬರ ಮಾಡಿ ಬೆಳೆಯುತ್ತಿದ್ದರಂತೆ. 1845ರಲ್ಲಿ ಆಲೂಗಡ್ಡೆಗೆ ರೋಗ ಬಂತು, ಹಿಂದೆಯೇ ವರ್ಷಗಟ್ಟಲೆ ಕ್ಷಾಮ. ಕೆಲವರು ದೇಶವನ್ನೇ ಬಿಟ್ಟರು, ಕೆಲವರು ಕೆಳಗೆ ಕಡಲ ದಂಡೆಗೆ ಇಳಿದರು. ಆದರೂ ಊರು ಒಂದೇ ಏಟಿಗೆ ಪಾಳು ಬೀಳಲಿಲ್ಲ. ಇಪ್ಪತ್ತನೇ ಶತಮಾನದಲ್ಲೂ ಬೇಸಿಗೆಯಲ್ಲಿ ದನ ಹೊಡೆದುಕೊಂಡು ಬಂದು ಇದೇ ಮನೆಗಳಲ್ಲಿ ಇರುತ್ತಿದ್ದರು. ಅದಕ್ಕೆ 'ಬೂಲಿ' ಅಂತಾರೆ.

ಒಂದು ಮನೆಯೊಳಗೆ ಹೋಗಿ ನಿಂತು ನೋಡಿ. ಇರುವುದೇ ಒಂದು ಕೋಣೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ. ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ಹಸು. ಈಗ ಕುರಿಗಳು ಮಲಗಿರುತ್ತವೆ, ಎಬ್ಬಿಸಬೇಡಿ.

ಸ್ಲೀವ್‌ಮೋರ್ ಒಂದು 'ಟೌನ್‌ಲ್ಯಾಂಡ್'. ಹೆಸರು ಕೇಳಿ ಟೌನ್ ಹುಡುಕಬೇಡಿ. ನಮ್ಮ ಕಂದಾಯ ಗ್ರಾಮದ ಥರ, ಗಡಿ ಇರುವ ಜಮೀನಿನ ತುಂಡು ಅದು. ಉತ್ತರ ಐರ್ಲೆಂಡ್ ಸೇರಿ ಇಡೀ ಐರ್ಲೆಂಡ್ ದ್ವೀಪದಲ್ಲಿ ಇಂಥವು 60,000ಕ್ಕೂ ಜಾಸ್ತಿ ಇವೆ. ಸ್ಲೀವ್‌ಮೋರ್ ಅಂದ್ರೆ ಸೀದಾ 'ದೊಡ್ಡಬೆಟ್ಟ'. ಎತ್ತರ 671 ಮೀಟರ್ ಅಷ್ಟೇ, ಆದರೆ ಕಡಲ ಪಕ್ಕದಿಂದಲೇ ಏಳುವುದರಿಂದ ಭಾರಿ ಕಾಣುತ್ತೆ.

ಭಾರತದ ಪಾಸ್‌ಪೋರ್ಟ್ ಇರುವವರು ಗಮನಿಸಿ: ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕಾಗುವ ಷೆಂಗೆನ್ ಗುಂಪಿನಲ್ಲಿ ಐರ್ಲೆಂಡ್ ಇಲ್ಲ, ಆ ವೀಸಾ ಇಲ್ಲಿ ನಡೆಯಲ್ಲ. ಡಬ್ಲಿನ್‌ನಿಂದ ವೆಸ್ಟ್‌ಪೋರ್ಟ್‌ಗೆ ರೈಲಿದೆ, ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ. ಅಲ್ಲಿಂದ ಕಾರು ಬಾಡಿಗೆಗೆ ತಗೊಂಡರೆ ಒಳ್ಳೆಯದು. ನಮ್ಮಂತೆ ಅವರದೂ ಎಡಗಡೆ ಡ್ರೈವಿಂಗ್. ದ್ವೀಪಕ್ಕೆ ಸೇತುವೆ ಇದೆ, ದೋಣಿ ಬೇಕಿಲ್ಲ. ಕೀಲ್‌ನಲ್ಲಿ ಉಳಿದುಕೊಂಡರೆ ಹತ್ತಿರ. ಸ್ಮಶಾನದ ಬಳಿ ಕಾರು ನಿಲ್ಲಿಸಿ ನಡೆಯಿರಿ. ನೆಲ ಜೌಗು, ನನ್ನ ಕ್ಯಾನ್ವಾಸ್ ಶೂ ಎರಡು ದಿನ ಒಣಗಲಿಲ್ಲ.

ಇಳಿಜಾರಿನಲ್ಲಿ ಇನ್ನೂ ಮೇಲೆ ಸುಮಾರು ಐದು ಸಾವಿರ ವರ್ಷ ಹಳೆಯ ಕಲ್ಲುಗೋರಿಗಳಿವೆ. ನಾವು ಹೊರಟ ಬೆಳಿಗ್ಗೆ ಮಂಜು ಕವಿದು ಮುಂದಿನ ಹತ್ತು ಹೆಜ್ಜೆ ಕಾಣಲಿಲ್ಲ, ವಾಪಸ್ ಬಂದೆವು. ಅದಕ್ಕಂತಲೇ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.